ಬಿಗಿಯಾದ ವೇಗದ ಹ್ಯಾಂಡಲ್‌ಗೆ ಎಣ್ಣೆ ಬಿಡಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಓದುಗರೊಬ್ಬರು ಬಡಗಿಗಳಿಗೆ ಒಂದು ಉಪಾಯ ಬರೆದಿದ್ದರು. ಮರದ ಲೇತ್ (ಮರವನ್ನು ತಿರುಗಿಸಿ ಕಡೆಯುವ ಮೆಷಿನ್), ಡ್ರಿಲ್ಲಿಂಗ್ ಮೆಷಿನ್ ಇಂಥವುಗಳಲ್ಲಿ ವೇಗ ಬದಲಿಸುವ ಹ್ಯಾಂಡಲ್ ಬಿಗಿಯಾದರೆ ಕವರ್ ತೆಗೆದು ನಾಲ್ಕು ಹನಿ ಎಂಜಿನ್ ಆಯಿಲ್ ಬಿಡಿ, ಬೆಣ್ಣೆಯ ಹಾಗೆ ತಿರುಗುತ್ತದೆ ಅಂತ. ತಿರುಗುತ್ತದೆ, ಸುಳ್ಳಲ್ಲ. ಕೆಲವು ದಿನ ಚೆನ್ನಾಗಿಯೇ ತಿರುಗುತ್ತದೆ. ಆಮೇಲೆ ಮೊದಲಿಗಿಂತ ಬಿಗಿಯಾಗಿ ಕೂರುತ್ತದೆ, ನನ್ನಂಥವರಿಗೆ ಫೋನ್ ಬರುತ್ತದೆ. ನನ್ನ ಸಂಪಾದನೆಯ ದೃಷ್ಟಿಯಿಂದ ನೋಡಿದರೆ ಆ ಸಲಹೆ ಬಹಳ ಒಳ್ಳೆಯದೇ. ಆದರೂ ಸುಮ್ನೆ ಇರಲು ಮನಸ್ಸು ಬರಲಿಲ್ಲ.

ನಾನು ಚನ್ನಪಟ್ಟಣದಲ್ಲಿ ಮರಗೆಲಸದ ಮೆಷಿನ್ ರಿಪೇರಿ ಮಾಡುವವನು. ಇಲ್ಲಿ ಗೊಂಬೆ ಮಾಡುವ ಮನೆಗಳಲ್ಲಿ ಹೆಚ್ಚಾಗಿ ಇರುವುದು ಸಣ್ಣ ಮೋಟರ್, ಸ್ಟೆಪ್ ಪುಲ್ಲಿ ಹಾಕಿದ ಲೇತ್. ಸ್ಟೆಪ್ ಪುಲ್ಲಿ ಅಂದರೆ ಬೆಲ್ಟ್ ಕೂರುವ ಸಣ್ಣ ದೊಡ್ಡ ಗಾಲಿಗಳು ಮೆಟ್ಟಿಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿರುವುದು. ವೇಗ ಬದಲಿಸಬೇಕಾದರೆ ಮೆಷಿನ್ ನಿಲ್ಲಿಸಿ, ಬೆಲ್ಟ್ ಎತ್ತಿ ಪಕ್ಕದ ಮೆಟ್ಟಿಲಿಗೆ ಹಾಕಿದರೆ ಮುಗಿಯಿತು. ಅದರಲ್ಲಿ ಬಿಗಿಯಾಗುವಂಥದ್ದೇನೂ ಇಲ್ಲ. ಈಚೆಗೆ ಕೆಲವರು ದೊಡ್ಡ ಬಟ್ಟಲು, ಹೂದಾನಿ, ದೀಪದ ಕಂಬದ ಆರ್ಡರ್ ಹಿಡಿಯುತ್ತಿದ್ದಾರೆ. ಅಂಥವರು ಹ್ಯಾಂಡಲ್ ತಿರುಗಿಸಿದರೆ ವೇಗ ಏರಿಳಿಯುವ ಲೇತ್ ತಂದುಕೊಂಡಿದ್ದಾರೆ. ಬಹಳಷ್ಟು ಸೆಕೆಂಡ್ ಹ್ಯಾಂಡ್. ತೊಂದರೆ ಬರುವುದು ಇವುಗಳಲ್ಲೇ.

ಒಳಗೆ ಏನಿದೆ ಅಂತ ಗೊತ್ತಿದ್ದರೆ ಎಣ್ಣೆ ಯಾಕೆ ಬೇಡ ಅನ್ನುವುದು ತಾನೇ ತಿಳಿಯುತ್ತದೆ. ಎರಡು ಪುಲ್ಲಿ, ನಡುವೆ ಒಂದು ಅಗಲವಾದ ಬೆಲ್ಟ್. ಪ್ರತಿ ಪುಲ್ಲಿಯೂ ಎರಡು ಹೋಳು. ಒಂದು ಹೋಳು ಶಾಫ್ಟ್‌ಗೆ, ಅಂದರೆ ನಡುವಿನ ತಿರುಗುವ ಕಂಬಿಗೆ, ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದು ಶಾಫ್ಟ್ ಮೇಲೆ ಹಿಂದೆ ಮುಂದೆ ಜಾರುತ್ತದೆ. ಎರಡೂ ಹೋಳು ಹತ್ತಿರ ಬಂದರೆ ಬೆಲ್ಟ್ ಮೇಲಕ್ಕೆ ಏರುತ್ತದೆ, ದೂರ ಹೋದರೆ ಒಳಕ್ಕೆ ಇಳಿಯುತ್ತದೆ. ಒಂದು ಪುಲ್ಲಿಯನ್ನು ನಾವು ಹ್ಯಾಂಡಲ್‌ನಿಂದ ಸರಿಸುತ್ತೇವೆ. ಇನ್ನೊಂದನ್ನು ಒಂದು ದಪ್ಪ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ, ಅದು ಬೆಲ್ಟ್ ಹೇಳಿದ ಹಾಗೆ ಕೇಳುತ್ತದೆ. ಮೋಟರ್ ಕಡೆ ಯಾವುದು, ಮರ ತಿರುಗಿಸುವ ಸ್ಪಿಂಡಲ್ ಕಡೆ ಯಾವುದು ಅನ್ನುವುದು ಕಂಪನಿಗೊಂದು ತರ.

ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಮಿಲ್ಟನ್ ರೀವ್ಸ್ ಅನ್ನುವವರು 19ನೇ ಶತಮಾನದಲ್ಲೇ ಮರ ಕೊಯ್ಯುವ ಗರಗಸದ ವೇಗ ಹಿಡಿತಕ್ಕೆ ತರಲು ಈ ದಾರಿ ಹುಡುಕಿದರು. ಇವತ್ತಿಗೂ ಇದಕ್ಕೆ ರೀವ್ಸ್ ಡ್ರೈವ್ ಅಂತಲೇ ಹೆಸರು. ಅವರು ಆಮೇಲೆ ಎಂಟು ಚಕ್ರದ ಕಾರನ್ನೂ ಮಾಡಿದರು, 1911ರಲ್ಲಿ. ಅದು ಓಡಲಿಲ್ಲ ಬಿಡಿ, ಅಂದರೆ ವ್ಯಾಪಾರ ಆಗಲಿಲ್ಲ. ಆದರೆ ಈ ಜಾರುವ ಪುಲ್ಲಿ ಮಾತ್ರ ಎಲ್ಲ ಕಡೆ ಓಡಿತು. ನಮ್ಮಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾದ ಒಳಗೂ ಇದೇ ಇತ್ತು, ಇವತ್ತಿನ ಗೇರ್ ಇಲ್ಲದ ಪೆಟ್ರೋಲ್ ಸ್ಕೂಟರ್‌ಗಳಲ್ಲೂ ಇದೇ ಇದೆ. ಯಾವ ಸ್ಕೂಟರ್ ಮೆಕ್ಯಾನಿಕ್‌ನನ್ನಾದರೂ ಕೇಳಿ ನೋಡಿ, ಬೆಲ್ಟ್ ಇರುವ ಜಾಗಕ್ಕೆ ಎಣ್ಣೆ ಬಿಡ್ತೀಯಾ ಅಂತ. ಬೈದು ಕಳಿಸುತ್ತಾನೆ.

ಲೇತ್‌ನಲ್ಲಿ ಸ್ಕೂಟರ್‌ಗಿಂತ ಕಷ್ಟ ಜಾಸ್ತಿ, ಯಾಕೆಂದರೆ ಪುಡಿ. ಆಲೆ ಮರದ ಗೊಂಬೆಗೆ ಸ್ಯಾಂಡ್ ಪೇಪರ್ ಹಿಡಿದಾಗ ಏಳುವ ಬಿಳಿ ಪುಡಿ ಎಷ್ಟು ನಯ ಅಂದರೆ, ಮುಚ್ಚಿದ ಕವರ್ ಒಳಗೂ ಹೋಗಿ ಕೂತಿರುತ್ತದೆ. ಒಣಗಿದ ಪುಡಿಯಿಂದ ಪುಲ್ಲಿಗೆ ಅಂಥ ತೊಂದರೆಯಿಲ್ಲ, ಬ್ರಷ್ ಆಡಿಸಿದರೆ ಹೋಗುತ್ತದೆ. ಅದರ ಮೇಲೆ ಎಣ್ಣೆ ಬಿತ್ತೋ, ಎರಡೂ ಸೇರಿ ಅಂಟಾಗುತ್ತದೆ. ಬೆಲ್ಟ್ ಸವೆದು ಉದುರುವ ಕರಿ ರಬ್ಬರ್ ಪುಡಿ ಅದಕ್ಕೆ ಸೇರುತ್ತದೆ. ಮೋಟರ್ ಬಿಸಿಗೆ ಒಣಗಿ ಗಟ್ಟಿಯಾಗುತ್ತದೆ. ಜಾರಬೇಕಾದ ಹೋಳು ಜಾರುವುದಿಲ್ಲ. ಅದರ ಜೊತೆಗೆ, ಪುಲ್ಲಿ ತಿರುಗುವ ರಭಸಕ್ಕೆ ಶಾಫ್ಟ್ ಮೇಲಿನ ಎಣ್ಣೆ ಹೊರಕ್ಕೆ ಚಿಮ್ಮಿ ಬೆಲ್ಟ್ ಹಿಡಿಯುವ ಮುಖಕ್ಕೆ ಬರುತ್ತದೆ. ಅಲ್ಲಿಗೆ ಬೆಲ್ಟ್ ಜಾರಲು ಶುರು. ಜಾರಬೇಕಾದದ್ದು ಅಂಟಿಕೊಳ್ಳುತ್ತದೆ, ಹಿಡಿಯಬೇಕಾದದ್ದು ಜಾರುತ್ತದೆ.

ನಮ್ಮೂರಿನಲ್ಲಿ ಇನ್ನೊಂದು ಕಾಟವಿದೆ. ಅರಗು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿ ಹಿಡಿದು ಹೊಳಪು ಬರಿಸುತ್ತಾರೆ. ವೇಗ ಕಡಿಮೆಯಾದರೆ ಅರಗು ಕರಗುವುದಿಲ್ಲ. ಜಾಸ್ತಿಯಾದರೆ ಸುಟ್ಟು ಬಣ್ಣ ಕೆಡುತ್ತದೆ. ಹಾಗಾಗಿ ಇಲ್ಲಿನವರಿಗೆ ವೇಗ ಅಂದರೆ ಬಣ್ಣ. ಕಡ್ಡಿ ಒತ್ತುವಾಗ ಸಿಡಿಯುವ ಚೂರು ಅಲ್ಪಸ್ವಲ್ಪ ಪುಲ್ಲಿ ಕಡೆಗೂ ಹೋಗುತ್ತದೆ, ಬಿಸಿಯಾದಾಗ ಮೆತ್ತಗಾಗಿ ಅಂಟುತ್ತದೆ, ತಣ್ಣಗಾದಾಗ ಕಲ್ಲಾಗುತ್ತದೆ. ಹೋದ ಮಳೆಗಾಲದಲ್ಲಿ ಒಂದು ಮನೆಯ ಲೇತ್ ಬಿಚ್ಚಿದೆ. ಎಣ್ಣೆ ಬಿಟ್ಟೂ ಬಿಟ್ಟೂ ಬಿಗಿಯಾಗಿದ್ದ ಮೆಷಿನ್. ಪುಲ್ಲಿಯ ಹಿಂದೆ ಶಾಫ್ಟ್ ಸುತ್ತ ಬೆರಳು ದಪ್ಪದ ಒಂದು ಬಳೆ ಕಟ್ಟಿಕೊಂಡಿತ್ತು. ಚಾಕುವಿನ ತುದಿಯಲ್ಲಿ ಎಬ್ಬಿಸಿದರೆ ಇಡಿಯಾಗಿ ಎರಡು ತುಂಡಾಗಿ ಬಂತು. ಮುರಿದ ಕಡೆ ಪದರ ಪದರ ಕಾಣುತ್ತಿತ್ತು, ಕೆಂಪು, ಅದರ ಮೇಲೆ ಕಪ್ಪು, ಮತ್ತೆ ಹಳದಿ, ಮತ್ತೆ ಕಪ್ಪು. ಆ ಮನೆಯ ಅಕ್ಕ ಅದನ್ನು ಕೈಯಲ್ಲಿ ಹಿಡಿದು, "ಅಣ್ಣಾ, ಈ ಹಳದಿ ದಸರಾ ಆರ್ಡರ್‌ದು ನೋಡಿ" ಅಂದರು. ಯಾವ ತಿಂಗಳು ಯಾವ ಮಾಲು ಹೋಯಿತು ಅನ್ನುವ ಲೆಕ್ಕ ಪುಲ್ಲಿ ಹಿಂದೆ ಬರೆದಿಟ್ಟಿತ್ತು!

ಇಂಥ ಅಂಟನ್ನು ತೆಗೆಯಲು ಎಲ್ಲರೂ ಮೊದಲು ಸೀಮೆಎಣ್ಣೆ ಹುಡುಕುತ್ತಾರೆ. ಅದು ಈಗ ಸಿಗುವುದೂ ಕಷ್ಟ. ಪೇಂಟ್ ಅಂಗಡಿಯ ಟರ್ಪೆಂಟೈನ್ ಸಾಕು, ಹಳೆ ಎಣ್ಣೆ ಗ್ರೀಸು ಅದರಲ್ಲಿ ಬಿಡುತ್ತದೆ. ಆದರೆ ಅರಗು ಸೀಮೆಎಣ್ಣೆಗೂ ಬಗ್ಗುವುದಿಲ್ಲ, ಟರ್ಪೆಂಟೈನ್‌ಗೂ ಬಗ್ಗುವುದಿಲ್ಲ. ಅದಕ್ಕೆ ಸ್ಪಿರಿಟ್ಟೇ ಬೇಕು, ಫ್ರೆಂಚ್ ಪಾಲಿಶ್ ಕಲಸಲು ಬಳಸುತ್ತಾರಲ್ಲ, ಅದು. ಬಟ್ಟೆ ನೆನೆಸಿ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಕರಗಿ ಬರುತ್ತದೆ. ಪೆಟ್ರೋಲ್ ಮಾತ್ರ ಬೇಡವೇ ಬೇಡ. ಸ್ಪಿರಿಟ್ಟೂ ಬೆಂಕಿ ಹಿಡಿಯುವ ವಸ್ತುವೇ. ಕಿಟಕಿ ಬಾಗಿಲು ತೆಗೆದಿರಿ, ಪಕ್ಕದಲ್ಲಿ ಬೀಡಿ ಸೇದುವವರು ಇದ್ದರೆ ಎಬ್ಬಿಸಿ ಕಳಿಸಿ.

ಈಗ ಕೆಲಸ ಹೇಗೆ ಅಂತ ಹೇಳುತ್ತೇನೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಕವರ್ ತೆಗೆದ ಮೇಲೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ, ಯಾವ ವಾಷರ್ ಎಲ್ಲಿತ್ತು ಅನ್ನುವುದು ಸಂಜೆಗೆ ಮರೆತಿರುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬ್ರಷ್ಷಿನಿಂದ ಪುಡಿ ತೆಗೆಯಿರಿ, ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಕಂಪ್ರೆಸರ್ ಗಾಳಿ ಬಿಟ್ಟರೆ ಪುಡಿ ಬೇರಿಂಗ್ ಒಳಗೂ ಹೋಗುತ್ತದೆ, ನಿಮ್ಮ ಎದೆಗೂ ಹೋಗುತ್ತದೆ. ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಬಡಗಿಗಳು ಟವಲ್ ಕಟ್ಟಿಕೊಳ್ಳಲೂ ನಾಚುತ್ತಾರೆ.

ಆಮೇಲೆ ಬೆಲ್ಟ್ ತೆಗೆಯಿರಿ. ಸ್ಪ್ರಿಂಗ್ ಇರುವ ಪುಲ್ಲಿಯ ಹೋಳನ್ನು ಕೈಯಿಂದ ಹಿಂದಕ್ಕೆ ಒತ್ತಿದರೆ ಬೆಲ್ಟ್ ಸಡಿಲವಾಗಿ ಈಚೆ ಬರುತ್ತದೆ. ಬೆಲ್ಟ್ ಇಲ್ಲದೆ ಎರಡೂ ಪುಲ್ಲಿಗಳ ಜಾರುವ ಹೋಳುಗಳನ್ನು ಸರಿಸಿ ನೋಡಿ. ಯಾವುದು ಬಿಗಿ ಅಂತ ಕೈಗೇ ಗೊತ್ತಾಗುತ್ತದೆ. ಬೈಗುಳವೆಲ್ಲ ಹ್ಯಾಂಡಲ್‌ಗೆ, ತಪ್ಪು ಮಾತ್ರ ಆ ಕಡೆಯ ಸ್ಪ್ರಿಂಗ್ ಪುಲ್ಲಿಯದು. ಬಹಳ ಸಲ ಹೀಗೇ ಆಗುತ್ತದೆ. ಎರಡೂ ಪುಲ್ಲಿ ಸರಾಗವಾಗಿದ್ದು ಹ್ಯಾಂಡಲ್ ಒಂದೇ ಬಿಗಿ ಅಂದರೆ ಅದರ ಹಲ್ಲು, ಸ್ಕ್ರೂ ಇರುವ ಕಡೆ ಕಸ ತುಂಬಿದೆ ಅಂತ ಅರ್ಥ. ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಟರ್ಪೆಂಟೈನ್ ಅದ್ದಿ ತಿಕ್ಕಿದರೆ ಅದು ಸರಿಹೋಗುತ್ತದೆ.

ಪುಲ್ಲಿ ಬಿಗಿಯಾಗಿದ್ದರೆ ಅದನ್ನು ಬಿಚ್ಚಲೇಬೇಕು. ಇಲ್ಲಿ ಆತುರ ಬೇಡ. ಆ ಸ್ಪ್ರಿಂಗ್ ಒತ್ತಿಟ್ಟಿರುವಂಥದ್ದು, ಅದನ್ನು ತಡೆದಿರುವ ಸರ್ಕ್ಲಿಪ್ (ಬಳೆಯಂಥ ಕ್ಲಿಪ್) ಬಿಚ್ಚಿದ ಕ್ಷಣಕ್ಕೆ ಹಾರುತ್ತದೆ. ಕ್ಲ್ಯಾಂಪ್ ಹಾಕಿ ಒತ್ತಿ ಹಿಡಿದು, ಕಣ್ಣಿಗೆ ಕನ್ನಡಕ ಹಾಕಿ, ಮುಖ ಪಕ್ಕಕ್ಕೆ ಇಟ್ಟುಕೊಂಡು ಬಿಚ್ಚಬೇಕು. ಅಭ್ಯಾಸವಿಲ್ಲದವರು ಇದೊಂದಕ್ಕೆ ಮೆಕ್ಯಾನಿಕ್ ಕರೆಯಿರಿ, ನಾನೇ ಆಗಬೇಕೆಂದಿಲ್ಲ. ಪುಲ್ಲಿ ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಂ ಅಥವಾ ಸತುವಿನದು. ಸುತ್ತಿಗೆ ಏಟು ಬಿದ್ದರೆ, ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ಅಂಚು ಮುರಿಯುತ್ತದೆ. ಅಂಚು ಮುರಿದ ಪುಲ್ಲಿ ಬೆಲ್ಟನ್ನು ತಿನ್ನುತ್ತದೆ. ಎಬ್ಬಿಸಲೇಬೇಕೆಂದರೆ ಮರದ ಬೆಣೆ ಹೊಡೆಯಿರಿ, ಮರಕ್ಕೇನು ನಮ್ಮಲ್ಲಿ ಬರವೇ?

ಶಾಫ್ಟ್ ಒರೆಸಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ತುಕ್ಕಿನ ಕಂದು ಕಲೆ ಇದ್ದರೆ ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಉಜ್ಜಿ, ಒರಟು ಎಮರಿ ಪೇಪರ್ ಬೇಡ. ಪುಲ್ಲಿ ಶಾಫ್ಟ್ ಜೊತೆಗೇ ತಿರುಗುವ ಹಾಗೆ ಹಿಡಿಯುವ ಸಣ್ಣ ಲೋಹದ ತುಂಡಿಗೆ ಕೀ ಅನ್ನುತ್ತಾರೆ, ಅದು ಕೂರುವ ಸೀಳಿನಲ್ಲಿ ಕಸ ಗಟ್ಟಿಯಾಗಿ ತುಂಬಿರುತ್ತದೆ, ಪೊರಕೆ ಕಡ್ಡಿಯಷ್ಟು ಒಳ್ಳೆಯ ಹತ್ಯಾರ ಅದಕ್ಕೆ ಬೇರೆ ಇಲ್ಲ. ಕೀಯ ಅಂಚು ಬೆರಳಿಗೆ ಚುಚ್ಚಿದರೆ ಸಣ್ಣ ಫೈಲ್‌ನಿಂದ ಒಂದೆರಡು ಎಳೆತ ಎಳೆಯಿರಿ, ಎಷ್ಟೋ ಸಲ ಹೋಳು ಸಿಕ್ಕಿಕೊಳ್ಳುವುದು ಆ ಚೂಪಿಗೇ. ಜಾರುವ ಹೋಳಿನ ಒಳಗಿನ ಬುಷ್ (ಶಾಫ್ಟ್ ಸುತ್ತ ಕೂರುವ ಕೊಳವೆ) ಸವೆದು ಅಲ್ಲಾಡುತ್ತಿದ್ದರೆ ಯಾವ ಎಣ್ಣೆಯೂ ಉಪಯೋಗಕ್ಕೆ ಬರುವುದಿಲ್ಲ. ಬುಷ್ ಬದಲಿಸಬೇಕು, ಅಷ್ಟೇ. ಬೆಲ್ಟ್ ಹಿಡಿಯುವ ಮುಖಗಳನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಅಲ್ಲಿಗೆ ಬೇರೆ ಏನನ್ನೂ ಹಚ್ಚಬೇಡಿ.

ಹಾಗಾದರೆ ಜಾರುವ ಜಾಗಕ್ಕೆ ಏನು ಹಾಕಬೇಕು? ಒಣಗಿದ್ದು. ಬೀಗಕ್ಕೆ ಹಾಕುವ ಗ್ರಾಫೈಟ್ ಪುಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಒಣಗಿದ ಮೇಲೆ ತೆಳ್ಳನೆ ಪದರ ಬಿಡುವ ಟೆಫ್ಲಾನ್ ಸ್ಪ್ರೇ. ಶಾಫ್ಟ್‌ಗೆ ಮಾತ್ರ, ತೆಳ್ಳಗೆ. ಒಣಗಲು ಬಿಟ್ಟು, ಮಿಕ್ಕಿದ್ದನ್ನು ಒರೆಸಿ, ಹೋಳನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ. ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ, ಸ್ವಿಚ್ ವೈರ್ ಇರುವ ಕಡೆ ಅದು ಉದುರಬಾರದು. ಕೆಲವು ಮೆಷಿನ್‌ಗಳ ಪುಲ್ಲಿಗೆ ಕಂಪನಿಯವರೇ ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಸಣ್ಣ ಬಾಯಿ, ಕೊಟ್ಟಿರುತ್ತಾರೆ. ಅಂಥದ್ದಕ್ಕೆ ಅವರು ಹೇಳಿದ ಗ್ರೀಸನ್ನೇ ಗನ್ನಿನಿಂದ ಒಂದು ಒತ್ತು ಕೊಡಿ, ಹೊರಬಂದದ್ದನ್ನು ಒರೆಸಿ. ಡಬ್ಲ್ಯುಡಿ-40 ಬಗ್ಗೆಯೂ ಕೇಳುತ್ತಾರೆ. 1953ರಲ್ಲಿ ಅದನ್ನು ಮಾಡಿದ್ದೇ ತೇವ ಓಡಿಸಿ ತುಕ್ಕು ತಡೆಯಲು. ಅಂಟು ಬಿಡಿಸಲು ಚೆನ್ನಾಗಿದೆ. ಬಿಡಿಸಿ, ಒರೆಸಿ ತೆಗೆದುಬಿಡಿ. ಹಾಗೇ ಬಿಟ್ಟರೆ ಅದಕ್ಕೂ ಪುಡಿ ಕೂರುತ್ತದೆ.

ಇನ್ನೊಂದು ಮಾತು, ಇದು ಎಣ್ಣೆಗಿಂತ ಮುಖ್ಯ. ಮೆಷಿನ್ ನಿಂತಿರುವಾಗ ಈ ಹ್ಯಾಂಡಲ್ ತಿರುಗಿಸಬಾರದು. ಬೆಲ್ಟ್ ಓಡುತ್ತಿದ್ದರೆ ತಾನೇ ಏರುತ್ತದೆ, ಇಳಿಯುತ್ತದೆ. ನಿಂತ ಬೆಲ್ಟ್ ಎಲ್ಲಿಗೆ ಹೋಗಬೇಕು? ಎರಡು ಹೋಳುಗಳ ನಡುವೆ ಸಿಕ್ಕಿ ಅದುಮಿಕೊಳ್ಳುತ್ತದೆ. ಜೋರು ಮಾಡಿದರೆ ಒಳಗಿನ ಎರಕದ ತೋಳು ಪಟ್ ಅನ್ನುತ್ತದೆ. ಸ್ಟೆಪ್ ಪುಲ್ಲಿಯಲ್ಲಿ ಕೆಲಸ ಕಲಿತವರಿಗೆ ಇದು ಉಲ್ಟಾ ಅನಿಸುತ್ತದೆ, ಯಾಕೆಂದರೆ ಅಲ್ಲಿ ಮೆಷಿನ್ ನಿಲ್ಲಿಸದೆ ಬೆಲ್ಟ್ ಮುಟ್ಟುವ ಹಾಗೇ ಇಲ್ಲ. ಅಂಗಡಿಗೆ ಬರುವ ಹುಡುಗರು ನಿಂತ ಲೇತ್‌ನ ಹ್ಯಾಂಡಲ್ ಹಿಡಿದು ಆಟ ಆಡುತ್ತಾರೆ. ಅವರನ್ನು ಮೊದಲು ದೂರ ಇಡಿ. ಕೆಲಸ ಮುಗಿದಾಗ ವೇಗವನ್ನು ಪೂರ್ತಿ ಇಳಿಸಿ ಆಮೇಲೆ ಆರಿಸಿ, ನಾಳೆ ನಿಧಾನದಲ್ಲೇ ಶುರುವಾಗುತ್ತದೆ. ವರ್ಷವಿಡೀ ಒಂದೇ ವೇಗದಲ್ಲಿ ಓಡಿಸುವವರು ವಾರಕ್ಕೊಮ್ಮೆಯಾದರೂ ಮರ ಕಟ್ಟದೆ, ಮೆಷಿನ್ ಓಡುತ್ತಿರುವಾಗ, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಒಯ್ದು ತರಲಿ. ಹೋಳು ಹೋಗದ ಜಾಗದಲ್ಲೇ ತುಕ್ಕು ಕೂರುವುದು.

ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅನ್ನುವವರಿಗೆ ಒಂದು ಲೆಕ್ಕ. ಮರದ ಲೇತ್‌ನಲ್ಲಿ ಒಂದು ಅಂದಾಜಿದೆ. ಮರದ ಅಡ್ಡಗಲವನ್ನು ಇಂಚಿನಲ್ಲಿ ಹಿಡಿದು ನಿಮಿಷಕ್ಕೆ ತಿರುಗುವ ಸುತ್ತಿನಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. 3 ಇಂಚಿನ ಗೊಂಬೆಗೆ ನಿಮಿಷಕ್ಕೆ 2000ದಿಂದ 3000 ಸುತ್ತು ನಡೆಯುತ್ತದೆ. 10 ಇಂಚಿನ ಬಟ್ಟಲಿಗೆ 600ರಿಂದ 900, ಅದರ ಮೇಲೆ ಹೋಗಬಾರದು. ಈಗ ಹ್ಯಾಂಡಲ್ ಕೆಳಗೆ ಬಂದಿದೆ, ಒಳಗೆ ಪುಲ್ಲಿ ಅಂಟಿಕೊಂಡು 2000ದಲ್ಲೇ ನಿಂತಿದೆ ಅಂದುಕೊಳ್ಳಿ. ಅದಕ್ಕೆ 10 ಇಂಚಿನ ಸೊಟ್ಟ ಮರದ ತುಂಡು ಕಟ್ಟಿದರೆ ಅದರ ಅಂಚು ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ನಿಮ್ಮ ಮುಖದ ಮುಂದೆ. ತುಂಡು ಕಿತ್ತು ಬಂದರೆ ಹೆಲ್ಮೆಟ್ ಕೂಡ ಇಲ್ಲ. ಹ್ಯಾಂಡಲ್ ತೋರಿಸುವ ನಂಬರನ್ನು ನಂಬಬೇಡಿ, ಮರ ಕಟ್ಟುವ ಮೊದಲು ಖಾಲಿ ಓಡಿಸಿ ವೇಗ ಇಳಿದಿದೆಯಾ ಅಂತ ಕಣ್ಣಲ್ಲಿ ನೋಡಿ.

ಕೈಯಲ್ಲಿ ಹಿಡಿದು ಮರದ ಅಂಚು ಕೊರೆಯುವ ರೂಟರ್‌ಗೂ ಎಣ್ಣೆ ಬಿಡುವ ಇದೇ ಉಪಾಯ ಮಾಡಿದವರಿದ್ದಾರೆ. ಅದರ ಮೇಲಿನ 1ರಿಂದ 6ರವರೆಗಿನ ಗಾಲಿ ಪುಲ್ಲಿಯದಲ್ಲ, ಒಳಗೆ ಸಣ್ಣ ಎಲೆಕ್ಟ್ರಾನಿಕ್ ಭಾಗವಿದೆ. ಅಲ್ಲಿಗೆ ಎಂಜಿನ್ ಆಯಿಲ್ ಬಿಟ್ಟರೆ ಕಥೆ ಮುಗಿಯಿತು. ಪ್ಲಗ್ ಕಿತ್ತು, ಪುಡಿ ಬ್ರಷ್ ಮಾಡಿ, ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು, ಗಾಲಿಯನ್ನು ಆಚೆ ಈಚೆ ತಿರುಗಿಸಿ, ಪೂರ್ತಿ ಆರಿದ ಮೇಲೆ ಓಡಿಸಿ. ಎಲೆಕ್ಟ್ರಾನಿಕ್ ನಾಬ್ ತಿರುಗಿಸಿ ವೇಗ ಬದಲಿಸುವ ಹೊಸ ಲೇತ್‌ಗಳ ಕರೆಂಟ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಕೆಲವು ನಿಮಿಷ ಒಳಗೆ ಕರೆಂಟ್ ಉಳಿದಿರುತ್ತದೆ.

ಇಷ್ಟು ಬರೆಯಲು ಇನ್ನೊಂದು ಕಾರಣವಿದೆ. ಈಗ ಮೊದಲ ಸಲ ಮೆಷಿನ್ ಇಟ್ಟುಕೊಳ್ಳುವವರು ಹೆಚ್ಚುತ್ತಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳೂ ಇದ್ದಾರೆ, ಗೊಂಬೆ ಮಾಡುವವರೂ ಇದ್ದಾರೆ. ಸಲಕರಣೆಗೆ 15 ಸಾವಿರ ರೂಪಾಯಿವರೆಗೆ ಸಹಾಯ, ಮೇಲೆ ಕಡಿಮೆ ಬಡ್ಡಿಯ ಸಾಲ. ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಮೆಷಿನ್ ಕೊಂಡರೆ ಡಬ್ಬಿಯಲ್ಲಿ ಬರುವ ಪುಸ್ತಕ ಇಂಗ್ಲಿಷ್‌ನಲ್ಲಿ, ಕೆಲವದರಲ್ಲಿ ಚೀನೀ ಭಾಷೆಯಲ್ಲಿ. ಗೊಂಬೆ ಮಾಡುವ ಅಕ್ಕಂದಿರು ಅದನ್ನು ಲೇತ್ ಕಾಲಿನ ಕೆಳಗೆ ಇಟ್ಟು ಮಟ್ಟ ಮಾಡಿಕೊಂಡಿರುತ್ತಾರೆ. ಮಾರುವವರು ಕನ್ನಡದಲ್ಲಿ ಒಂದೇ ಒಂದು ಹಾಳೆ ಅಚ್ಚು ಹಾಕಿಸಿ ಕವರ್ ಒಳಗೆ ಅಂಟಿಸಲಿ, ಎಲ್ಲಿಗೆ ಎಣ್ಣೆ, ಎಲ್ಲಿಗೆ ಬೇಡ, ಹ್ಯಾಂಡಲ್ ಯಾವಾಗ ಮುಟ್ಟಬೇಕು ಅಂತ. ಅದಕ್ಕೆ ಎಷ್ಟು ಮಹಾ ಖರ್ಚು ಬಂದೀತು? ಅಲ್ಲಿಯವರೆಗೆ ಜನ ನಂಬುವುದು ನಿಮ್ಮ ಪತ್ರಿಕೆಯಲ್ಲಿ ಬಂದದ್ದನ್ನೇ. ಹಾಗಾಗಿ ಆ ಉಪಾಯ ಬಂದ ಜಾಗದಲ್ಲೇ ಒಂದು ತಿದ್ದುಪಡಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಪತ್ರ ಪೂರ್ತಿ ಹಾಕಲು ಜಾಗವಿಲ್ಲದಿದ್ದರೆ ರೀವ್ಸ್ ಅವರ ಕಾರಿನ ಕಥೆ ಕತ್ತರಿಸಿ, ಸ್ಪ್ರಿಂಗ್ ಮತ್ತು ಹ್ಯಾಂಡಲ್ ವಿಷಯ ಉಳಿಸಿ.

ಈಗಾಗಲೇ ಎಣ್ಣೆ ಬಿಟ್ಟವರು ಹೆದರಬೇಡಿ. ಇವತ್ತೇ ಬೆಲ್ಟ್ ಈಚೆ ತೆಗೆಯಿರಿ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಬೆಲ್ಟ್‌ಗೆ ಟರ್ಪೆಂಟೈನ್ ಸೋಕಿಸಬೇಡಿ. ರಬ್ಬರ್ ಊದಿದ್ದರೆ, ಮೆತ್ತಗಾಗಿದ್ದರೆ, ಅಥವಾ ಬಗ್ಗಿಸಿದಾಗ ಬಿರುಕು ಕಂಡರೆ ಹೊಸದು ಹಾಕಿಸಿ. ಅಂಗಡಿಗೆ ಹೋಗುವಾಗ ಹಳೆ ಬೆಲ್ಟ್ ಕೈಯಲ್ಲಿರಲಿ. ಇದು ಹಿಟ್ಟಿನ ಗಿರಣಿಗೆ ಹಾಕುವ ಮಾಮೂಲಿ ಬಿ ಸೈಜಿನ ಬೆಲ್ಟ್ ಅಲ್ಲ, ಅದಕ್ಕಿಂತ ಅಗಲ. ಬೆನ್ನ ಮೇಲೆ ನಂಬರ್ ಅಚ್ಚಾಗಿರುತ್ತದೆ, ಎಣ್ಣೆ ಮಸಿ ಒರೆಸಿದರೆ ಕಾಣುತ್ತದೆ.

ಇತಿ,
ಮರಗೆಲಸದ ಮೆಷಿನ್ ರಿಪೇರಿಯವನು,
ಚನ್ನಪಟ್ಟಣ